ಬ್ಯಾಂಡ್ ಸಾ ಮುಂದೆ ನಿಲ್ಲುವ ಮುನ್ನ: ವಿದ್ಯಾರ್ಥಿ ಕಾರ್ಯಾಗಾರಕ್ಕೊಂದು ಸಮಗ್ರ ಮಾರ್ಗದರ್ಶಿ

ಮರಗೆಲಸದ ಕಾರ್ಯಾಗಾರಕ್ಕೆ ಮೊದಲ ದಿನ ಬರುವ ವಿದ್ಯಾರ್ಥಿಗಳಲ್ಲಿ ಒಂದು ವಿಷಯವನ್ನು ಪ್ರತಿ ವರ್ಷವೂ ನೋಡುತ್ತೇನೆ. ದುಂಡು ಗರಗಸವನ್ನು ಚಾಲೂ ಮಾಡಿದರೆ ಅದರ ಅರಚಾಟಕ್ಕೆ ಎಲ್ಲರೂ ತಾವಾಗಿಯೇ ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ. ಬ್ಯಾಂಡ್ ಸಾ, ಅಂದರೆ ಎರಡು ಚಕ್ರಗಳ ಮೇಲೆ ಓಡುವ ಪಟ್ಟಿ ಗರಗಸ, ಚಾಲೂ ಮಾಡಿದರೆ ಎರಡು ಹೆಜ್ಜೆ ಮುಂದೆ ಬಂದು ಬಗ್ಗಿ ನೋಡುತ್ತಾರೆ. ಅದು ಒಂದೇ ಸಮನೆ ಗುಂಯ್‌ಗುಡುತ್ತದೆ, ಅಷ್ಟೆ. ಮರವನ್ನು ಹಿಂದಕ್ಕೆ ಎಸೆಯುವುದಿಲ್ಲ. ಹಲ್ಲುಗಳು ಮೇಲಿನಿಂದ ಕೆಳಕ್ಕೆ ಓಡುವುದರಿಂದ ಮರವನ್ನು ಮೇಜಿಗೇ ಅದುಮಿ ಹಿಡಿಯುತ್ತವೆ. ಐದು ನಿಮಿಷದಲ್ಲಿ ಕಲಿತುಬಿಡಬಹುದು ಅನ್ನಿಸುತ್ತದೆ.

ಹಾಗೆ ಅನ್ನಿಸುವುದೇ ಈ ಯಂತ್ರದ ದೊಡ್ಡ ಅಪಾಯ. ಮಾಂಸ ಸಂಸ್ಕರಣಾ ಘಟಕಗಳಲ್ಲಿ ಮೂಳೆ ಸಮೇತ ಮಾಂಸವನ್ನು ತುಂಡರಿಸುವುದು ಇದೇ ಜಾತಿಯ ಗರಗಸದಿಂದ. ಮರ ಯಾವುದು, ಬೆರಳು ಯಾವುದು ಎಂದು ಅದಕ್ಕೆ ತಿಳಿಯದು. ಇದನ್ನು ಹೆದರಿಸಲು ಹೇಳುತ್ತಿಲ್ಲ. ಹೆದರಿದ ಕೈ ನಡುಗುತ್ತದೆ, ನಡುಗುವ ಕೈಯೂ ಅಪಾಯವೇ. ಬ್ಲೇಡ್ ಓಡುತ್ತಿರುವಾಗ ಕೈ ಎಲ್ಲಿಡಲಿ ಎಂದು ಯೋಚಿಸುವಷ್ಟು ಸಮಯ ಸಿಗುವುದಿಲ್ಲ. ಕೈಯ ಜಾಗ ಸ್ವಿಚ್ ಒತ್ತುವ ಮೊದಲೇ ನಿರ್ಧಾರವಾಗಿರಬೇಕು. ಆದ್ದರಿಂದ ಈ ಬರಹದ ಬಹುಪಾಲು ಯಂತ್ರ ನಿಂತಿರುವಾಗಿನ ಕೆಲಸವನ್ನೇ ಕುರಿತದ್ದು.

ಐಟಿಐ, ಪಾಲಿಟೆಕ್ನಿಕ್, ವಾಸ್ತುಶಿಲ್ಪ ಮತ್ತು ವಿನ್ಯಾಸ ಕಾಲೇಜುಗಳಲ್ಲಿ ಹೆಚ್ಚಾಗಿ ಕಾಣುವ, 14 ಇಂಚು ಚಕ್ರದ, ನಿಂತಿರುವ ಮರದ ಬ್ಯಾಂಡ್ ಸಾ ನನ್ನ ಮನಸ್ಸಿನಲ್ಲಿದೆ. ಕಬ್ಬಿಣ ಕತ್ತರಿಸುವ ಅಡ್ಡ ಬ್ಯಾಂಡ್ ಸಾ ಬೇರೆಯದೇ ಯಂತ್ರ, ಅದರ ವೇಗವೂ ಬಹಳ ಕಡಿಮೆ. ಇಲ್ಲಿನ ಮಾತನ್ನು ಅದಕ್ಕೆ ಅನ್ವಯಿಸಬೇಡಿ.

ನಿಂತ ಯಂತ್ರದ ಪರಿಚಯ

ಪ್ಲಗ್ ಕಿತ್ತು, ಮೇಲಿನ ಮತ್ತು ಕೆಳಗಿನ ಬಾಗಿಲು ತೆರೆದು ನೋಡಿ. ಹಿಟ್ಟಿನ ಗಿರಣಿಯಲ್ಲಿ ಎರಡು ಪುಲ್ಲಿಗಳ ನಡುವೆ ಪಟ್ಟೆ ಓಡುವುದನ್ನು ನೀವು ನೋಡಿರುತ್ತೀರಿ. ಇಲ್ಲಿಯೂ ಅದೇ ತತ್ವ, ಪಟ್ಟೆಯ ಬದಲು ಒಂದು ಅಂಚಿಗೆ ಹಲ್ಲಿರುವ ಉಕ್ಕಿನ ಪಟ್ಟಿ. ಕೆಳಗಿನ ಚಕ್ರವನ್ನು ಮೋಟಾರ್ ತಿರುಗಿಸುತ್ತದೆ. ಮೇಲಿನ ಚಕ್ರ ಬ್ಲೇಡಿನ ಬಿಗಿಯನ್ನೂ ಅದು ಓಡುವ ದಾರಿಯನ್ನೂ ಕಾಯುತ್ತದೆ. ಎರಡೂ ಚಕ್ರಗಳ ಅಂಚಿಗೆ ರಬ್ಬರ್ ಟೈರ್ ಇರುತ್ತದೆ. ಅದರ ಮೇಲೆ ಮರದ ಪುಡಿ ಗಟ್ಟಿಯಾಗಿ ಅಂಟಿಕೊಂಡರೆ ಬ್ಲೇಡ್ ಕುಣಿಯುತ್ತದೆ.

ಈ ಅಳತೆಯ ಯಂತ್ರದಲ್ಲಿ ಬ್ಲೇಡ್ ಸೆಕೆಂಡಿಗೆ ಸುಮಾರು 15 ಮೀಟರ್ ಓಡುತ್ತದೆ. ಹೆದ್ದಾರಿಯಲ್ಲಿ ಗಂಟೆಗೆ 55 ಕಿಲೋಮೀಟರ್ ವೇಗದಲ್ಲಿ ಹೋಗುವ ಬಸ್ಸಿನಷ್ಟು. ಇಂಚಿಗೆ 6 ಹಲ್ಲಿರುವ ಬ್ಲೇಡ್ ಹಾಕಿದ್ದರೆ ಒಂದು ಸೆಕೆಂಡಿನಲ್ಲಿ ಸುಮಾರು 3,500 ಹಲ್ಲುಗಳು ಒಂದೇ ಬಿಂದುವನ್ನು ದಾಟುತ್ತವೆ. ನೋವು ತಿಳಿದು ಕೈ ಹಿಂದೆಳೆದುಕೊಳ್ಳುವಷ್ಟರಲ್ಲಿ ನೂರಾರು ಹಲ್ಲುಗಳು ಹಾದುಹೋಗಿರುತ್ತವೆ. ಈ ಲೆಕ್ಕವನ್ನು ನಾನು ಕಪ್ಪುಹಲಗೆಯ ಮೇಲೆ ವಿದ್ಯಾರ್ಥಿಗಳಿಂದಲೇ ಮಾಡಿಸುತ್ತೇನೆ. ಎಚ್ಚರಿಕೆಯ ಫಲಕ ಓದಿದ್ದಕ್ಕಿಂತ ಲೆಕ್ಕ ತಾವೇ ಮಾಡಿದ್ದು ಹೆಚ್ಚು ನೆನಪಿರುತ್ತದೆ.

ಬ್ಲೇಡಿನ ಮೇಲೆ ಎಲ್ಲೋ ಒಂದು ಕಡೆ ಬೆಸುಗೆಯ ಗುರುತು ಕಾಣುತ್ತದೆ, ಹುಡುಕಿ. ಈ ಯಂತ್ರದ ಇತಿಹಾಸವೆಲ್ಲ ಆ ಒಂದು ಗೆರೆಯಲ್ಲಿದೆ. ಇಂಗ್ಲೆಂಡಿನ ವಿಲಿಯಂ ನ್ಯೂಬೆರಿ ಬ್ಯಾಂಡ್ ಸಾ ಕಲ್ಪನೆಗೆ ಪೇಟೆಂಟ್ ಪಡೆದದ್ದು 1808ರಲ್ಲಿ. ಆದರೆ ಚಕ್ರಗಳ ಮೇಲೆ ಸದಾ ಬಾಗುತ್ತ ನೇರವಾಗುತ್ತ ಓಡುವ ಪಟ್ಟಿಯ ತುದಿಗಳನ್ನು ಬಾಳಿಕೆ ಬರುವಂತೆ ಬೆಸೆಯುವ ಉಪಾಯ ಆಗ ಇರಲಿಲ್ಲ, ಬ್ಲೇಡುಗಳು ಬಿಟ್ಟುಕೊಳ್ಳುತ್ತಿದ್ದವು. 1846ರಲ್ಲಿ ಫ್ರಾನ್ಸಿನ ಆನ್ ಪಾಲಿನ್ ಕ್ರೆಪಿನ್ ಎಂಬ ಮಹಿಳೆ ಬೆಸುಗೆಯ ವಿಧಾನಕ್ಕೆ ಪೇಟೆಂಟ್ ಪಡೆದ ಮೇಲೆ ಈ ಯಂತ್ರ ನಿಜವಾಗಿ ಬಳಕೆಗೆ ಬಂತು. ಇಂದಿಗೂ ಬ್ಲೇಡ್ ಮೊದಲು ಸೋಲುವ ಜಾಗಗಳಲ್ಲಿ ಬೆಸುಗೆಯೂ ಒಂದು. ಬಿರುಕು ಬಿಟ್ಟ ಬ್ಲೇಡ್ ಓಡುವಾಗ ಗೋಡೆ ಗಡಿಯಾರದಂತೆ ಟಕ್ ಟಕ್ ಎಂದು ಲಯಬದ್ಧವಾಗಿ ಸದ್ದು ಮಾಡುತ್ತದೆ. ಆ ಸದ್ದು ಕೇಳಿದ ತಕ್ಷಣ ಯಂತ್ರ ನಿಲ್ಲಿಸಿ ಶಿಕ್ಷಕರನ್ನು ಕರೆಯಿರಿ.

ಮೈಮೇಲೆ ಏನಿರಬಾರದು

ನಮ್ಮ ಕಾಲೇಜುಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಮರೆತುಹೋಗುವುದು ಕೊರಳಿನ ಗುರುತಿನ ಚೀಟಿಯ ಪಟ್ಟಿ. ಅದನ್ನು ಹಾಕಿಕೊಳ್ಳದಿದ್ದರೆ ಗೇಟಿನಲ್ಲಿ ಬೈಯುತ್ತಾರೆ, ಹಾಗಾಗಿ ಅದು ಮೈಯ ಒಂದು ಭಾಗವೇ ಆಗಿಬಿಟ್ಟಿರುತ್ತದೆ. ರೇಖೆ ನೋಡಲು ಸ್ವಲ್ಪ ಬಗ್ಗಿದರೆ ಸಾಕು, ನೇರ ಬ್ಲೇಡಿನ ಎದುರಿಗೆ ಜೋತಾಡುತ್ತದೆ. ಕಾರ್ಯಾಗಾರದ ಬಾಗಿಲಲ್ಲೇ ಒಂದು ಸಾಲು ಮೊಳೆ ಹೊಡೆದಿಡಿ. ಒಳಗೆ ಬರುವವರು ಅಲ್ಲಿ ನೇತುಹಾಕಿ ಬರಲಿ. ದುಪಟ್ಟಾ ಕೂಡ ಅಲ್ಲಿಯೇ ಇರಲಿ. ಜಡೆಯನ್ನು ಎತ್ತಿ ಗಂಟು ಹಾಕಿ; ಬೆನ್ನ ಮೇಲೆ ಬಿಟ್ಟ ಜಡೆ ಬಗ್ಗಿದಾಗ ಮುಂದಕ್ಕೆ ಜಾರುತ್ತದೆ. ಬಳೆ, ಉಂಗುರ, ಕೈಗಡಿಯಾರ ತೆಗೆದಿಡಿ. ತುಂಬುತೋಳನ್ನು ಮೊಣಕೈ ದಾಟುವವರೆಗೆ ಮಡಚಿ. ಹರಕೆಯ ದಾರವನ್ನು ಬಿಚ್ಚುವಂತಿಲ್ಲ ಎನ್ನುವವರಿದ್ದರೆ, ತುದಿ ಎಲ್ಲೂ ಸಡಿಲವಾಗಿ ಉಳಿಯದ ಹಾಗೆ ಗಾಯಕ್ಕೆ ಹಾಕುವ ಅಂಟುಪಟ್ಟಿಯಿಂದ ಅದನ್ನು ಚರ್ಮಕ್ಕೆ ಸೇರಿಸಿ ಅಂಟಿಸಿಬಿಡಿ. ಚಪ್ಪಲಿಯಲ್ಲಿ ಬಂದವರು ಆ ದಿನ ನೋಡುವುದಷ್ಟೇ.

ಕೈಗವಸಿನ ವಿಷಯದಲ್ಲಿ ವಿದ್ಯಾರ್ಥಿಗಳಿಗೆ ಆಶ್ಚರ್ಯವಾಗುತ್ತದೆ. ಚೂಪಾದ ಯಂತ್ರ, ಕೈಗೆ ರಕ್ಷಣೆ ಬೇಡವೇ ಎಂದು ಕೇಳುತ್ತಾರೆ. ಬೇಡ. ಬರಿಯ ಬೆರಳಿಗೆ ಹಲ್ಲು ತಾಗಿದರೆ ಗಾಯವಾಗುತ್ತದೆ. ಗವಸಿನ ಎಳೆಗೆ ಹಲ್ಲು ಸಿಕ್ಕಿಕೊಂಡರೆ ಅದು ಇಡೀ ಕೈಯನ್ನೇ ಬ್ಲೇಡಿನ ಕಡೆಗೆ ಎಳೆದುಕೊಂಡು ಹೋಗುತ್ತದೆ. ಕೈಗವಸು ಬೇಕಾಗುವುದು ಒಂದೇ ಸಂದರ್ಭದಲ್ಲಿ, ಯಂತ್ರಕ್ಕೆ ವಿದ್ಯುತ್ತೇ ಇಲ್ಲದಾಗ ಬ್ಲೇಡ್ ಬದಲಾಯಿಸುವಾಗ.

ಸುರಕ್ಷತಾ ಕನ್ನಡಕ ಕಡ್ಡಾಯ. ದೃಷ್ಟಿದೋಷಕ್ಕೆ ಹಾಕುವ ಕನ್ನಡಕಕ್ಕೆ ಪಕ್ಕದ ರಕ್ಷಣೆ ಇಲ್ಲ, ಅದರ ಮೇಲೆಯೇ ಹಾಕಿಕೊಳ್ಳುವ ದೊಡ್ಡ ಕನ್ನಡಕ ಸಿಗುತ್ತದೆ. ಮುಖಗವಸನ್ನೂ ಹಗುರವಾಗಿ ತೆಗೆದುಕೊಳ್ಳಬೇಡಿ. ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುತ್ತವೆ ಎಂದು ಖಚಿತವಾದ ವಸ್ತುಗಳ ಮೊದಲ ಗುಂಪಿಗೆ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮರದ ಧೂಳನ್ನೂ ಸೇರಿಸಿದೆ. ಮರದ ನಾರನ್ನು ಅಂಟು ಸೇರಿಸಿ ಒತ್ತಿ ಮಾಡಿದ ಎಂಡಿಎಫ್ ಹಲಗೆ ಕತ್ತರಿಸುವಾಗ ಏಳುವ ಧೂಳು ಇನ್ನೂ ನಯ, ಗಾಳಿಯಲ್ಲಿ ಬಹಳ ಹೊತ್ತು ತೇಲುತ್ತದೆ. ಕಿವಿಯಲ್ಲಿ ಇಯರ್‌ಫೋನ್ ಮಾತ್ರ ಬೇಡವೇ ಬೇಡ. ಬ್ಲೇಡಿನ ಸದ್ದು ಬದಲಾದದ್ದು ಕಿವಿಗೆ ಕೇಳಿಸಬೇಕು.

ಯಾವ ಕೆಲಸಕ್ಕೆ ಯಾವ ಬ್ಲೇಡ್

ಬ್ಲೇಡ್ ಅಗಲವಾದಷ್ಟೂ ನೇರ ಗೆರೆಯಲ್ಲಿ ಸೊಗಸಾಗಿ ಹೋಗುತ್ತದೆ, ತಿರುವಿನಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. 6 ಮಿ.ಮೀ. ಅಗಲದ ಬ್ಲೇಡ್ ಸುಮಾರು 16 ಮಿ.ಮೀ. ತ್ರಿಜ್ಯದ ತಿರುವನ್ನು ತೆಗೆದುಕೊಳ್ಳಬಲ್ಲದು, ಅಂದರೆ ಹತ್ತು ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡ ವೃತ್ತ. 12 ಮಿ.ಮೀ. ಬ್ಲೇಡಿಗೆ 63 ಮಿ.ಮೀ. ತ್ರಿಜ್ಯ ಬೇಕು, ಅಂದರೆ ಹಳೆಯ ಸಿ.ಡಿ.ಗಿಂತ ಚೂರು ದೊಡ್ಡದು. ಇದಕ್ಕಿಂತ ಚಿಕ್ಕ ತಿರುವನ್ನು ಬಲವಂತದಿಂದ ತಿರುಗಿಸಲು ಹೋದರೆ ಬ್ಲೇಡ್ ತಿರುಚಿಕೊಳ್ಳುತ್ತದೆ, ಬಿಸಿಯಾಗಿ ಮರ ಸುಟ್ಟ ವಾಸನೆ ಬರುತ್ತದೆ, ಕೊನೆಗೆ ಚಕ್ರದಿಂದ ಜಾರುತ್ತದೆ ಇಲ್ಲವೇ ತುಂಡಾಗುತ್ತದೆ. ನಾನು ನೋಡಿದ ಬ್ಲೇಡ್ ಅವಘಡಗಳಲ್ಲಿ ಹೆಚ್ಚಿನವು ಅಗಲದ ಬ್ಲೇಡಿನಲ್ಲಿ ಸಣ್ಣ ತಿರುವು ತೆಗೆಯಲು ಹೋದಾಗ ಆದವು.

ಹಲ್ಲಿನ ಲೆಕ್ಕ ಹೀಗೆ: ಯಾವ ಕ್ಷಣದಲ್ಲೂ ಕನಿಷ್ಠ ಮೂರು ಹಲ್ಲು ಮರದೊಳಗೆ ಇರಬೇಕು. ಇಂಚಿಗೆ 6 ಹಲ್ಲಿನ ಬ್ಲೇಡ್ 18 ಮಿ.ಮೀ. ಪ್ಲೈವುಡ್ಡಿನಲ್ಲಿ ನಾಲ್ಕು ಹಲ್ಲು ಇಟ್ಟಿರುತ್ತದೆ, ಸಾಕು. ಅದೇ ಬ್ಲೇಡಿಗೆ 6 ಮಿ.ಮೀ. ಪ್ಲೈವುಡ್ ಕೊಟ್ಟರೆ ಒಂದೂವರೆ ಹಲ್ಲೂ ಇರುವುದಿಲ್ಲ. ಹಲ್ಲು ಮರವನ್ನು ಕೊಯ್ಯುವ ಬದಲು ಕೊಕ್ಕೆ ಹಾಕಿ ಎಳೆಯುತ್ತದೆ, ಹಾಳೆ ಕುಣಿಯುತ್ತದೆ. ತೆಳು ಹಾಳೆಗೆ ಇಂಚಿಗೆ 14 ಹಲ್ಲಿನದನ್ನು ಹಾಕಿಸಿ. ದಪ್ಪ ತೊಲೆಯನ್ನು ಸೀಳಲು ಇಂಚಿಗೆ 3 ಹಲ್ಲಿನ ಅಗಲ ಬ್ಲೇಡ್ ಬೇಕು, ಇಲ್ಲದಿದ್ದರೆ ಪುಡಿ ಹೊರಬರಲು ಜಾಗ ಸಿಗದು.

ತೇಗದ ಮರದಲ್ಲಿ ಸಿಲಿಕಾ ಅಂಶವಿರುವುದರಿಂದ ಹಲ್ಲು ಬೇಗ ಮೊಂಡಾಗುತ್ತದೆ. ಮೊಂಡು ಬ್ಲೇಡ್ ಹೆಚ್ಚು ಅಪಾಯಕಾರಿ. ಮರ ಮುಂದೆ ಹೋಗುವುದಿಲ್ಲ, ನೀವು ಜೋರಾಗಿ ತಳ್ಳುತ್ತೀರಿ, ಒಮ್ಮೆಲೇ ಅದು ಬಿಟ್ಟುಕೊಟ್ಟಾಗ ನಿಮ್ಮ ಕೈ ಆ ಜೋರಿನಲ್ಲೇ ಮುಂದಕ್ಕೆ ನುಗ್ಗುತ್ತದೆ.

ಹೊಂದಾಣಿಕೆ: ವಿದ್ಯುತ್ ಕಡಿದ ಮೇಲೆ ಮಾತ್ರ

ಬ್ಲೇಡ್ ಹಾಕುವ ಕೆಲಸ ಶಿಕ್ಷಕರದು. ವಿದ್ಯಾರ್ಥಿಗಳು ಪಕ್ಕದಲ್ಲಿ ನಿಂತು ನೋಡಬೇಕು, ಏಕೆಂದರೆ ಸರಿಯಾಗಿ ಹೊಂದಿಸಿದ ಯಂತ್ರ ಹೇಗಿರುತ್ತದೆ ಎಂದು ಗೊತ್ತಿದ್ದವರಿಗೆ ಮಾತ್ರ ತಪ್ಪು ಹೊಂದಾಣಿಕೆ ಕಣ್ಣಿಗೆ ಬೀಳುತ್ತದೆ. ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕಿತ್ತು ಎಲ್ಲರ ಕಣ್ಣಿಗೆ ಕಾಣುವಂತೆ ಮೇಜಿನ ಮೇಲಿಡಿ. ನೇರ ಸಂಪರ್ಕವಿದ್ದರೆ ಗೋಡೆಯ ಐಸೊಲೇಟರ್ (ವಿದ್ಯುತ್ ಪೂರ್ತಿ ಕಡಿಯುವ ಸ್ವಿಚ್) ಕೆಳಗಿಳಿಸಿ ಬೀಗ ಹಾಕಿ, ಕೀಲಿಯನ್ನು ಜೇಬಿಗೆ ಹಾಕಿಕೊಳ್ಳಿ.

ಮೂರು ಸುತ್ತಾಗಿ ಮಡಿಸಿಟ್ಟ ಹೊಸ ಬ್ಲೇಡ್ ಬಿಚ್ಚುವಾಗ ಒಮ್ಮೆಲೇ ಚಿಮ್ಮುತ್ತದೆ. ಕೈಗವಸು, ಕನ್ನಡಕ ಹಾಕಿಕೊಂಡು, ಮುಖದಿಂದ ದೂರ ಹಿಡಿದು, ಸುತ್ತ ಯಾರೂ ಇಲ್ಲದೆಡೆ ಬಿಚ್ಚಿ. ಹಲ್ಲುಗಳು ನಿಮ್ಮ ಕಡೆಗೂ ಕೆಳಮುಖವಾಗಿಯೂ ಇರಬೇಕು. ಮೇಲ್ಮುಖವಾಗಿದ್ದರೆ ಬ್ಲೇಡನ್ನು ಒಳಹೊರಗು ಮಾಡಬೇಕು.

ಬಿಗಿಗೊಳಿಸಿದ ಮೇಲೆ ಮೇಲಿನ ಚಕ್ರವನ್ನು ಕೈಯಿಂದಲೇ ನಿಧಾನವಾಗಿ ಹತ್ತಾರು ಸುತ್ತು ತಿರುಗಿಸಿ. ಬ್ಲೇಡ್ ಟೈರಿನ ಮಧ್ಯದಲ್ಲೇ ಓಡಬೇಕು. ಮುಂದಕ್ಕೋ ಹಿಂದಕ್ಕೋ ಸರಿಯುತ್ತಿದ್ದರೆ ಹಿಂದಿನ ತಿರುಪಿನಿಂದ ಚಕ್ರದ ಓರೆಯನ್ನು ಸರಿಪಡಿಸಿ. ಇದಾದ ಮೇಲೆಯೇ ಗೈಡುಗಳಿಗೆ, ಅಂದರೆ ಬ್ಲೇಡ್ ವಾಲದಂತೆ ಹಿಡಿಯುವ ಭಾಗಗಳಿಗೆ, ಬನ್ನಿ. ಬ್ಲೇಡಿನ ಎರಡೂ ಪಕ್ಕದ ಗೈಡುಗಳು ಹತ್ತಿರವಿರಬೇಕು, ಆದರೆ ತಾಗಬಾರದು. ಅಳತೆಗೆ ನೋಟ್‌ಬುಕ್ಕಿನ ಒಂದು ಹಾಳೆ ಸಾಕು: ಬ್ಲೇಡಿಗೂ ಗೈಡಿಗೂ ನಡುವೆ ಹಾಳೆ ಇಟ್ಟು ಗೈಡನ್ನು ತಂದು ಬಿಗಿ ಮಾಡಿ ಹಾಳೆ ಎಳೆದುಕೊಳ್ಳಿ. ಗೈಡು ಹಲ್ಲುಗಳ ಬುಡಕ್ಕಿಂತ ತುಸು ಹಿಂದೆಯೇ ನಿಲ್ಲಬೇಕು. ಹಲ್ಲಿಗೆ ತಾಗಿದರೆ ಎರಡೇ ನಿಮಿಷದಲ್ಲಿ ಬ್ಲೇಡ್ ಹಾಳು. ಹಿಂಬದಿಯ ಬೇರಿಂಗ್ ಮತ್ತು ಬ್ಲೇಡಿನ ಬೆನ್ನಿನ ನಡುವೆ ಅರ್ಧ ಮಿ.ಮೀ. ಜಾಗ ಬಿಡಿ. ಯಂತ್ರ ಖಾಲಿ ಓಡುವಾಗ ಅದು ತಿರುಗಬಾರದು, ಮರ ಒತ್ತಿದಾಗ ಮಾತ್ರ ತಿರುಗಬೇಕು.

ಎಲ್ಲ ವಿದ್ಯಾರ್ಥಿಗಳೂ ಪ್ರತಿ ಸಲವೂ ತಾವೇ ಮಾಡಬೇಕಾದ ಹೊಂದಾಣಿಕೆ ಒಂದಿದೆ: ಮೇಲಿನ ಗೈಡಿನ ಎತ್ತರ. ಗೈಡಿನ ಜೊತೆಗೇ ಬ್ಲೇಡಿನ ಕವಚವೂ ಇಳಿಯುತ್ತದೆ. ಮರದ ಮೇಲ್ಮೈಗಿಂತ 6 ಮಿ.ಮೀ. ಎತ್ತರಕ್ಕೆ ಇಳಿಸಿ ಬಿಗಿ ಮಾಡಿ. ಹಿಂದಿನವರು ನಾಲ್ಕು ಇಂಚಿನ ಮರ ಕತ್ತರಿಸಿ ಹೋಗಿರುತ್ತಾರೆ, ನೀವು ಅರ್ಧ ಇಂಚಿನ ಹಲಗೆ ತರುತ್ತೀರಿ. ಗೈಡನ್ನು ಹಾಗೆಯೇ ಬಿಟ್ಟರೆ ಮೂರೂವರೆ ಇಂಚು ಬರಿಯ ಬ್ಲೇಡ್ ನಿಮ್ಮ ಬೆರಳುಗಳ ಎತ್ತರದಲ್ಲೇ ಓಡುತ್ತಿರುತ್ತದೆ. ಬ್ಲೇಡ್ ವಾಲದಂತೆ ಹಿಡಿಯುವುದೂ ಇದೇ ಗೈಡ್, ಹಾಗಾಗಿ ಕತ್ತರಿಕೆಯೂ ನೆಟ್ಟಗೆ ಬರುತ್ತದೆ.

ಮರವನ್ನು ನಂಬುವ ಮೊದಲು

ಹಳೆಯ ಮನೆ ಕೆಡವಿದಾಗ ಸಿಕ್ಕ ತೊಲೆ, ಬಾಗಿಲ ಚೌಕಟ್ಟುಗಳನ್ನು ವಿದ್ಯಾರ್ಥಿಗಳು ಪ್ರೀತಿಯಿಂದ ತರುತ್ತಾರೆ. ಒಳ್ಳೆಯ ಮರ, ನಿಜ. ಆದರೆ ಅದರೊಳಗೆ ಐವತ್ತು ವರ್ಷದ ಹಿಂದಿನ ತಲೆಯಿಲ್ಲದ ಮೊಳೆ ಕೂತಿರಬಹುದು. ಬಲವಾದ ಅಯಸ್ಕಾಂತವನ್ನು ದಾರಕ್ಕೆ ಕಟ್ಟಿ ಮರದ ನಾಲ್ಕೂ ಮುಖದ ಮೇಲೆ ನಿಧಾನವಾಗಿ ಆಡಿಸಿ. ಎಲ್ಲಿ ವಾಲುತ್ತದೋ ಅಲ್ಲಿ ಸೀಮೆಸುಣ್ಣದ ಗುರುತು ಹಾಕಿ. ಸಡಿಲ ಗಂಟು, ಬಿರುಕು, ಹಸಿ ಮರ ಇವನ್ನೂ ಶಿಕ್ಷಕರಿಗೆ ತೋರಿಸಿ. ಬಾಗಿದ ಹಲಗೆಯಾದರೆ ಮೇಜಿನ ಮೇಲೆ ಅಲುಗದ ಕಡೆಯನ್ನು ಕೆಳಗಿಡಿ. ಕತ್ತರಿಸುತ್ತಿರುವಾಗ ಹಲಗೆ ತೊಟ್ಟಿಲಿನಂತೆ ತೂಗಿದರೆ ಬ್ಲೇಡನ್ನು ಹಿಂಡಿಬಿಡುತ್ತದೆ.

ದುಂಡು ಮರದ ವಿಷಯದಲ್ಲಿ ಒಂದು ಘಟನೆ ಹೇಳಲೇಬೇಕು. ವಿದ್ಯಾರ್ಥಿಯೊಬ್ಬ ಆಲೆಮರದ ಉರುಳೆಯನ್ನು ಲೇತಿನಲ್ಲಿ ಬಹಳ ಅಂದವಾಗಿ ತಿರುಗಿಸಿದ್ದ, ಚನ್ನಪಟ್ಟಣದ ಆಟಿಕೆಗಳಿಗೆ ಬಳಸುವುದೂ ಅದೇ ಮರವನ್ನು. ಗಾಡಿಯ ಚಕ್ರಗಳಿಗಾಗಿ ಅದನ್ನು ಬಿಲ್ಲೆ ಬಿಲ್ಲೆಯಾಗಿ ಕತ್ತರಿಸಬೇಕಿತ್ತು. ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದು ಬ್ಲೇಡಿಗೆ ಒಡ್ಡಿದ. ಹಲ್ಲು ತಾಗಿದ ಕ್ಷಣಕ್ಕೆ ಉರುಳೆ ಅವನ ಕೈಯೊಳಗೇ ಗಿರ್ರನೆ ತಿರುಗಿತು, ಬ್ಲೇಡ್ ತಿರುಚಿಕೊಂಡು ಪಟಾಕಿ ಸಿಡಿದಂಥ ಸದ್ದಿನೊಂದಿಗೆ ತುಂಡಾಯಿತು. ತುದಿಯಿಂದ ದೂರ ಹಿಡಿದಿದ್ದರಿಂದ ಅವನ ಬೆರಳು ಉಳಿದವು. ಆದದ್ದು ಇಷ್ಟು: ಚಪ್ಪಟೆ ಮರವಾದರೆ ಹಲ್ಲಿನ ಕೆಳಮುಖದ ಒತ್ತಡವನ್ನು ಮೇಜು ತಡೆಯುತ್ತದೆ. ದುಂಡು ಮರ ಒಂದೇ ಗೆರೆಯಲ್ಲಿ ಮೇಜಿಗೆ ತಾಗಿರುತ್ತದೆ. ಬ್ಲೇಡಿನ ಕಡೆಯ ಮುಖ ಕೆಳಗೆ ಎಳೆಯಲ್ಪಟ್ಟಾಗ ಮೇಲ್ಭಾಗ ಬ್ಲೇಡಿನತ್ತ ಉರುಳುತ್ತದೆ, ಮೇಲೆ ಹಿಡಿದ ಬೆರಳುಗಳನ್ನೂ ಅತ್ತಲೇ ಒಯ್ಯುತ್ತದೆ. ದುಂಡು ಮರಕ್ಕೆ ವಿ ಆಕಾರದ ತೋಡು ಕೊರೆದ ಮರದ ದಿಮ್ಮಿ ಬೇಕು, ಅದರೊಳಗೆ ಉರುಳೆಯನ್ನು ಕ್ಲ್ಯಾಂಪಿನಿಂದ ಬಂಧಿಸಬೇಕು. ಕೈಬಲ ಎಷ್ಟಿದ್ದರೂ ಸಾಲದು.

ಅಂಗೈಗಿಂತ ಸಣ್ಣ ತುಂಡುಗಳಿಗೂ ಇದೇ ನಿಯಮ. ದೊಡ್ಡ ಹಲಗೆಗೆ ಅಂಟಿಸಿಯೋ ಕ್ಲ್ಯಾಂಪಿನಲ್ಲಿ ಹಿಡಿದೋ ಕತ್ತರಿಸಿ. ಇನ್ನೂ ಒಳ್ಳೆಯದೆಂದರೆ ದೊಡ್ಡ ಹಲಗೆಯಲ್ಲಿರುವಾಗಲೇ ಆಕಾರ ಕೊಯ್ದು, ಕೊನೆಗೆ ಬೇರ್ಪಡಿಸುವುದು.

ಒಣ ಅಭ್ಯಾಸ

ಯಂತ್ರ ಆರಿರುವಾಗಲೇ ಇಡೀ ಕತ್ತರಿಕೆಯನ್ನು ಒಮ್ಮೆ ಕೈಯಲ್ಲಿ ಆಡಿ ನೋಡುವುದು ನಾನು ಬಿಡದೆ ಮಾಡಿಸುವ ಅಭ್ಯಾಸ. ಉದಾಹರಣೆಗೆ 18 ಮಿ.ಮೀ. ಪ್ಲೈವುಡ್ಡಿನಲ್ಲಿ ಮಕ್ಕಳ ಆಟದ ಕುದುರೆ. 6 ಮಿ.ಮೀ. ಅಗಲದ ಬ್ಲೇಡ್ ಹಾಕಿದೆ. ಬೆನ್ನಿನ ಬಾಗು ದೊಡ್ಡದು, ಸುಲಭ. ಕಷ್ಟವಿರುವುದು ಕತ್ತಿನ ಕೆಳಗಿನ ಒಳತಿರುವಿನಲ್ಲಿ ಮತ್ತು ಎರಡು ಕಾಲುಗಳ ನಡುವಿನ ಕಮಾನಿನಲ್ಲಿ.

ಕಾಲುಗಳ ನಡುವೆ ನೇರ ರೇಖೆಯಲ್ಲೇ ಹೋಗಿ ಕಮಾನಿನಲ್ಲಿ ತಿರುಗಲು ಹೊರಟರೆ ಬ್ಲೇಡ್ ಸಿಕ್ಕಿಬೀಳುತ್ತದೆ. ಆದ್ದರಿಂದ ಮೊದಲು ತೆಗೆದುಹಾಕಬೇಕಾದ ಭಾಗದಲ್ಲಿ, ಹೊರ ಅಂಚಿನಿಂದ ಕಮಾನಿನ ರೇಖೆಗೆ 2 ಮಿ.ಮೀ. ಇರುವವರೆಗೆ, ನಾಲ್ಕೈದು ನೇರ ಸೀಳುಗಳನ್ನು ಕೊಡಿ, ಬಾಚಣಿಗೆಯ ಹಲ್ಲಿನಂತೆ. ಆಮೇಲೆ ಕಮಾನಿನ ರೇಖೆಯ ಮೇಲೆ ಬ್ಲೇಡ್ ಸಾಗಿದಂತೆ ಒಂದೊಂದೇ ತುಂಡು ತಾನಾಗಿ ಕಳಚಿ ಬೀಳುತ್ತದೆ, ಬ್ಲೇಡಿನ ಬೆನ್ನಿಗೆ ತಿರುಗಲು ಜಾಗ ಸಿಗುತ್ತದೆ. ಕತ್ತಿನ ಕೆಳಗೂ ಹೀಗೆಯೇ. ಸೀಳುಗಳ ಜಾಗಕ್ಕೆ ಪೆನ್ಸಿಲಿನಲ್ಲಿ 1, 2, 3 ಎಂದು ಬರೆದುಕೊಳ್ಳಿ. ಸಣ್ಣ ಸೀಳು ಮೊದಲು, ಉದ್ದದ್ದು ಆಮೇಲೆ.

ಈಗ ಹಲಗೆಯನ್ನು ನಿಂತ ಬ್ಲೇಡಿನ ಮುಂದೆ ಇಟ್ಟು ರೇಖೆಗುಂಟ ಸರಿಸುತ್ತಾ ಹೋಗಿ. ಹಲಗೆಯ ತುದಿ ಯಂತ್ರದ ಕಂಬಕ್ಕೆ ಎಲ್ಲಾದರೂ ಬಡಿಯುತ್ತದೆಯೇ? ಬಡಿದರೆ ಇನ್ನೊಂದು ಕಡೆಯಿಂದ ಆರಂಭಿಸಬೇಕು. ಓಡುವ ಬ್ಲೇಡಿನ ಮುಂದೆ ಇದು ಗೊತ್ತಾದರೆ ತಡವಾಯಿತು. ಕೈ ಎಲ್ಲಿ ಬದಲಾಗುತ್ತದೆ? ಎಡಗೈ ಯಾವಾಗ ಬಿಡುತ್ತದೆ? ಕೊನೆಯಲ್ಲಿ ಹೆಬ್ಬೆರಳು ಎಲ್ಲಿರುತ್ತದೆ? ಕೈಗಳು ಬ್ಲೇಡಿಗೆ 50 ಮಿ.ಮೀ. ಹತ್ತಿರ ಬರುವ ಜಾಗಗಳಿಗೆಲ್ಲ ಹಲಗೆಯ ಮೇಲೆ ಕೆಂಪು ಗುರುತು ಹಾಕಿ. ಅಲ್ಲಿ ಬೆರಳಿಲ್ಲ, ತಳ್ಳುಗೋಲು ಮಾತ್ರ.

ಚಾಲೂ ಮಾಡಿ

1. ಎರಡೂ ಬಾಗಿಲು ಮುಚ್ಚಿ ಚಿಲಕ ಹಾಕಿದೆಯೇ, ಗೈಡ್ ಬಿಗಿಯಾಗಿದೆಯೇ, ಮೇಜಿನ ಮೇಲೆ ಅಳತೆಪಟ್ಟಿ, ಪೆನ್ಸಿಲ್, ಚೂರುಗಳು ಇಲ್ಲವೇ ನೋಡಿ. ಕಾಲಡಿಯ ಪುಡಿ ಗುಡಿಸಿ. ನಯವಾದ ನೆಲದ ಮೇಲೆ ಮರದ ಪುಡಿ ಪಾಚಿಯಂತೆ ಜಾರುತ್ತದೆ.

2. ತಳ್ಳುಗೋಲು ಕೈಗೆಟಕುವಲ್ಲಿ ಇರಲಿ. ಕತ್ತರಿಸುತ್ತಾ ಹುಡುಕುವಂತಾಗಬಾರದು.

3. ಮರ ಬ್ಲೇಡಿನಿಂದ ದೂರವಿರಲಿ. ಬ್ಲೇಡಿನ ಎದುರು ತುಸು ಎಡಕ್ಕೆ ನಿಂತು ಸ್ವಿಚ್ ಒತ್ತಿ. ಬಲಭಾಗದಲ್ಲಿ ಯಾರೂ ನಿಲ್ಲಬಾರದು. ಬ್ಲೇಡ್ ತುಂಡಾದರೆ ಅತ್ತ ಚಿಮ್ಮಬಹುದು.

4. ಪೂರ್ಣ ವೇಗಕ್ಕೆ ಬರುವವರೆಗೆ ಕಾಯಿರಿ. ಆ ಹೊತ್ತಿನಲ್ಲಿ ಕಿವಿಗೊಟ್ಟು ಕೇಳಿ. ಒಂದೇ ಸಮನೆ ಗುಂಯ್‌ಗುಟ್ಟಿದರೆ ಸರಿ. ಟಕ್ ಟಕ್, ಕರಕರ, ಉಜ್ಜುವ ಸದ್ದು ಬಂದರೆ ಆರಿಸಿ.

5. ಎರಡೂ ಕೈ ಬ್ಲೇಡಿನ ಎರಡು ಪಕ್ಕದಲ್ಲಿರಲಿ, ಎಂದೂ ಎದುರಲ್ಲಿ ಬೇಡ. ಒಂದು ಕೈ ದಾರಿ ತೋರಿಸುತ್ತದೆ, ಇನ್ನೊಂದು ತಳ್ಳುತ್ತದೆ. ರೇಖೆಯ ಮೇಲೆಯೇ ಅಲ್ಲ, 1 ಮಿ.ಮೀ. ಹೊರಗೆ ಕತ್ತರಿಸಿ, ಉಳಿದದ್ದನ್ನು ಉಜ್ಜುಕಾಗದ ನೋಡಿಕೊಳ್ಳುತ್ತದೆ.

6. ಬ್ಲೇಡ್ ತಿನ್ನುವಷ್ಟೇ ಕೊಡಿ. ಮರ ಹೆರೆಯುವ ರಂದ ಹೊಡೆಯುವವರಿಗೆ ಈ ಅನುಭವ ಇರುತ್ತದೆ, ಉಪಕರಣವೇ ತನ್ನ ವೇಗವನ್ನು ಹೇಳುತ್ತದೆ. ಸದ್ದು ಕುಗ್ಗಿದರೆ ನೀವು ಅವಸರ ಮಾಡುತ್ತಿದ್ದೀರಿ. ಹೊಗೆ ಬಂದರೆ ತಿರುವು ಚಿಕ್ಕದಾಗಿದೆ ಇಲ್ಲವೇ ಬ್ಲೇಡ್ ಮೊಂಡಾಗಿದೆ.

7. ತಿರುವಿನಲ್ಲಿ ಮರವನ್ನು ಪಕ್ಕಕ್ಕೆ ಒತ್ತಬೇಡಿ. ಮುಂದೆ ಸರಿಸುತ್ತಲೇ ತಿರುಗಿಸಿ, ಬಂಡಿ ತಿರುಗಿಸುವ ಹಾಗೆ.

ಕೊನೆಯ ಎರಡು ಇಂಚು

ಇಡೀ ಕತ್ತರಿಕೆಯಲ್ಲಿ ನನಗೆ ಅತ್ಯಂತ ಭಯದ ಜಾಗ ಇದು. ಮೊದಲ ಒಂದು ಅಡಿ ವಿದ್ಯಾರ್ಥಿ ಬಹಳ ಹುಷಾರಾಗಿರುತ್ತಾನೆ. ಕೊನೆ ಹತ್ತಿರ ಬಂದಾಗ ಮನಸ್ಸು ಕೆಲಸ ಮುಗಿಯಿತು ಎಂದು ಹೇಳಿಬಿಡುತ್ತದೆ, ಕೈ ಇನ್ನೂ ತಳ್ಳುತ್ತಿರುತ್ತದೆ. ಅಲ್ಲಿಯವರೆಗೆ ಒಂದೇ ಸಮನಾಗಿದ್ದ ಮರದ ತಡೆ ಬ್ಲೇಡ್ ಹೊರಬಂದ ಕ್ಷಣಕ್ಕೆ ಇಲ್ಲವಾಗುತ್ತದೆ.

ಒಮ್ಮೆ ಒಬ್ಬ ವಿದ್ಯಾರ್ಥಿನಿಯ ಕೈಯನ್ನು ಪಕ್ಕದಿಂದ ನೋಡುತ್ತಿದ್ದೆ. ಹಲಗೆಯ ಹಿಂಬದಿಯ ಅಂಚಿಗೆ ಬಲಗೈಯ ಹೆಬ್ಬೆರಳನ್ನು ಒತ್ತಿ ತಳ್ಳುತ್ತಿದ್ದಳು, ಉಗುರು ಬಿಳಿಚುವಷ್ಟು ಗಟ್ಟಿಯಾಗಿ. ಪೆನ್ಸಿಲ್ ರೇಖೆ ಬಂದು ಮುಗಿಯುತ್ತಿದ್ದುದು ಸರಿಯಾಗಿ ಆ ಉಗುರಿನ ನಡುವೆ. ಅವಳ ಕಣ್ಣು ಬ್ಲೇಡಿನ ಮೇಲಿತ್ತು, ಹೆಬ್ಬೆರಳಿನ ಮೇಲಲ್ಲ. ಕೂಗಿದರೆ ಬೆಚ್ಚಿಬೀಳುತ್ತಾಳೆ. ನಾನು ಕೈಚಾಚಿ ತುರ್ತು ನಿಲುಗಡೆಯ ಕೆಂಪು ಗುಂಡಿ ಒತ್ತಿದೆ. ಬ್ಲೇಡ್ ನಿಂತಾಗ ರೇಖೆ ಮುಗಿಯಲು ಒಂದು ಬೆರಳಗಲ ಉಳಿದಿತ್ತು. ಅವಳನ್ನು ಬೈಯಲಿಲ್ಲ. ಹೆಬ್ಬೆರಳನ್ನು ಎಲ್ಲಿಟ್ಟಿದ್ದಳೋ ಅಲ್ಲಿಯೇ ಇಟ್ಟುಕೊಂಡು ನೋಡಲು ಹೇಳಿದೆ, ಅಷ್ಟೆ.

ಆದ್ದರಿಂದ ರೇಖೆ ಹಲಗೆಯ ಅಂಚನ್ನು ತಲುಪುವ ಬಿಂದುವಿನಲ್ಲಿ ದಪ್ಪ ಗುಣಿಸು ಚಿಹ್ನೆ ಹಾಕಿ. ಅದರ ಎರಡೂ ಪಕ್ಕಕ್ಕೆ 50 ಮಿ.ಮೀ. ಒಳಗೆ ಕೈ ಬರಕೂಡದು. ಎರಡು ಇಂಚು ಉಳಿದಾಗ ತಳ್ಳುವುದನ್ನು ಅರ್ಧಕ್ಕೆ ಇಳಿಸಿ, ತಳ್ಳುಗೋಲು ತೆಗೆದುಕೊಳ್ಳಿ. ಗೋಲು ಕತ್ತರಿಸಿಕೊಂಡರೆ ಇನ್ನೊಂದು ಮಾಡಿಕೊಳ್ಳಬಹುದು, ಪ್ಲೈವುಡ್ ಚೂರು ಸಾಕು. ಕತ್ತರಿಸಿ ಬಿದ್ದ ತುಂಡು ಬ್ಲೇಡಿನ ಪಕ್ಕದಲ್ಲೇ ಕುಣಿಯುತ್ತಿದ್ದರೆ ಬೆರಳಿನಿಂದ ತೆಗೆಯುವ ಆಸೆ ಎಲ್ಲರಿಗೂ ಆಗುತ್ತದೆ. ಯಂತ್ರ ಆರಿಸಿ, ಬ್ಲೇಡ್ ಪೂರ್ತಿ ನಿಲ್ಲಲಿ. ಸ್ವಿಚ್ ಆರಿಸಿದ ಮೇಲೂ ಭಾರದ ಚಕ್ರಗಳು ಬಹಳ ಹೊತ್ತು ತಿರುಗುತ್ತವೆ, ಸದ್ದು ಅಡಗಿದ ಮೇಲೂ ಬ್ಲೇಡ್ ಓಡುತ್ತಿರಬಹುದು. ಮರದ ತುಂಡು ಒತ್ತಿ ಅದನ್ನು ನಿಲ್ಲಿಸಲು ಹೋಗಬೇಡಿ.

ಅನಿರೀಕ್ಷಿತವಾದರೆ

ಬ್ಲೇಡ್ ಸೀಳಿನಲ್ಲಿ ಸಿಕ್ಕಿಕೊಂಡರೆ ಮರವನ್ನು ಹಿಂದಕ್ಕೆಳೆಯಬೇಡಿ. ಬ್ಲೇಡ್ ಮರದ ಜೊತೆ ಮುಂದೆ ಬಂದು ಚಕ್ರದಿಂದ ಕಳಚಿಕೊಳ್ಳುತ್ತದೆ. ಆರಿಸಿ, ನಿಂತ ಮೇಲೆ ಸೀಳಿನೊಳಗೆ ತೆಳು ಬೆಣೆ ಇಟ್ಟು ಬಿಡಿಸಿ.

ಬ್ಲೇಡ್ ತುಂಡಾದರೆ ದೊಡ್ಡ ಸದ್ದಾಗುತ್ತದೆ. ಮರ ಬಿಟ್ಟು ಹಿಂದೆ ಸರಿಯಿರಿ, ಸ್ವಿಚ್ ಆರಿಸಿ, ಚಕ್ರಗಳು ನಿಲ್ಲುವವರೆಗೆ ಬಾಗಿಲು ತೆರೆಯಬೇಡಿ.

ಕರೆಂಟ್ ಹೋದರೆ? ನಮ್ಮ ಊರುಗಳಲ್ಲಿ ಇದು ದಿನದ ಮಾತು. ಯಂತ್ರ ತಾನೇ ನಿಂತಿತು ಎಂದು ವಿದ್ಯಾರ್ಥಿ ಮರವನ್ನು ಅಲ್ಲೇ ಬಿಟ್ಟು ಟೀ ಕುಡಿಯಲು ಹೋಗುತ್ತಾನೆ, ಕರೆಂಟ್ ಬಂದಾಗ ಯಂತ್ರ ಯಾರಿಗೂ ಹೇಳದೆ ಚಾಲೂ ಆಗುತ್ತದೆ. ಮೊದಲು ಸ್ವಿಚ್ ಆರಿಸಿ, ಆಮೇಲೆ ಆಚೆ ಹೋಗಿ. ವಿದ್ಯುತ್ ಮರಳಿದರೂ ತಾನಾಗಿ ಚಾಲೂ ಆಗದ ಸ್ಟಾರ್ಟರ್ ಸಿಗುತ್ತದೆ. ನಿಮ್ಮ ಕಾರ್ಯಾಗಾರದ ಯಂತ್ರಕ್ಕೆ ಅದು ಇಲ್ಲದಿದ್ದರೆ ಹಾಕಿಸುವಂತೆ ಕೇಳಿ, ಮತ್ತೆ ಮತ್ತೆ ಕೇಳಿ.

ಗಾಯವಾದರೆ ಶುಭ್ರ ಬಟ್ಟೆಯಿಂದ ಗಟ್ಟಿಯಾಗಿ ಒತ್ತಿ ಹಿಡಿದು ಕೈಯನ್ನು ಎದೆಗಿಂತ ಮೇಲೆತ್ತಿ, 108ಕ್ಕೆ ಕರೆ ಮಾಡಿ. ಅರಿಶಿನ, ಕಾಫಿ ಪುಡಿ ಹಾಕಬೇಡಿ. ಬೆರಳಿನ ತುಂಡು ಬೇರ್ಪಟ್ಟಿದ್ದರೆ ಅದನ್ನು ಒದ್ದೆ ಮಾಡಿ ಹಿಂಡಿದ ಶುಭ್ರ ಬಟ್ಟೆಯಲ್ಲಿ ಸುತ್ತಿ, ನೀರು ಹೋಗದ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆಯಿರುವ ನೀರಿನಲ್ಲಿಟ್ಟು ಗಾಯಾಳುವಿನ ಜೊತೆಗೇ ಕಳಿಸಿ. ಮಂಜುಗಡ್ಡೆ ನೇರವಾಗಿ ತಾಗಿದರೆ ಅಂಗಾಂಶ ಸಾಯುತ್ತದೆ. ಈ ನಾಲ್ಕು ಸಾಲನ್ನು ದೊಡ್ಡಕ್ಷರದಲ್ಲಿ ಬರೆದು ಯಂತ್ರದ ಹಿಂದಿನ ಗೋಡೆಗೆ ಅಂಟಿಸಿ.

ಕಲಿಸುವವರಿಗೆ

ಅಪಾಯವೇನು, ಮುನ್ನೆಚ್ಚರಿಕೆ ಏನು ಎಂದು ಪೂರ್ತಿ ತಿಳಿಸದೆ, ತರಬೇತಿ ಅಥವಾ ಬಲ್ಲವರ ಮೇಲ್ವಿಚಾರಣೆ ಇಲ್ಲದೆ ಎಳೆಯರನ್ನು ಅಪಾಯಕಾರಿ ಯಂತ್ರದ ಮೇಲೆ ಬಿಡಬಾರದು ಎಂದು 1948ರ ಕಾರ್ಖಾನೆ ಕಾಯ್ದೆಯ 23ನೇ ಸೆಕ್ಷನ್ ಬರೆದಿತ್ತು. ಕಾಲೇಜು ಕಾರ್ಯಾಗಾರ ಕಾರ್ಖಾನೆಯಲ್ಲ, ಆದರೆ ಸಂಬಳಕ್ಕೆ ದುಡಿಯುವ ಹುಡುಗನಿಗೆ ಸಿಕ್ಕ ರಕ್ಷಣೆ ಶುಲ್ಕ ಕೊಟ್ಟು ಕಲಿಯುವ ಹುಡುಗನಿಗೂ ಸಿಗಬೇಡವೇ?

ಯಂತ್ರದ ಸುತ್ತ ಒಂದು ಮೀಟರ್ ದೂರದಲ್ಲಿ ಹಳದಿ ಗೆರೆ ಎಳೆಯಿರಿ. ಗೆರೆಯೊಳಗೆ ಒಬ್ಬರೇ. ಉದ್ದ ಹಲಗೆ ಹಿಡಿಯಲು ಇನ್ನೊಬ್ಬರು ಬೇಕಾದರೆ ಅವರು ಹಲಗೆಯನ್ನು ಹೊರಬೇಕೇ ಹೊರತು ಎಳೆಯಬಾರದು. ಕತ್ತರಿಸುತ್ತಿರುವವರನ್ನು ಹಿಂದಿನಿಂದ ಕರೆಯಬೇಡಿ, ಭುಜ ತಟ್ಟಬೇಡಿ. ಅವರ ಕಣ್ಣಿಗೆ ಕಾಣುವ ಕಡೆ ಬಂದು, ಯಂತ್ರ ಆರುವವರೆಗೆ ಕಾಯಿರಿ. ಪ್ರತಿ ವಿದ್ಯಾರ್ಥಿಯ ಮೊದಲ ಮೂರು ಕತ್ತರಿಕೆಗಳಿಗೆ ಪಕ್ಕದಲ್ಲೇ ನಿಲ್ಲಿ. ಪರೀಕ್ಷೆಯ ಹಿಂದಿನ ವಾರ, ಮಾದರಿ ಸಲ್ಲಿಸುವ ಕೊನೆಯ ರಾತ್ರಿ, ಬ್ಯಾಂಡ್ ಸಾ ಕೀಲಿ ನಿಮ್ಮ ಹತ್ತಿರವೇ ಇರಲಿ. ನಿದ್ದೆಗೆಟ್ಟ ವಿದ್ಯಾರ್ಥಿಗೆ ಎಷ್ಟೇ ಕೇಳಿಕೊಂಡರೂ ಕೊಡಬೇಡಿ; ಅಂಕ ಹೋದರೆ ಮುಂದಿನ ಸಲ ತೆಗೆಯಬಹುದು.

ಮುಗಿದ ಮೇಲೆ

ಆರಿಸಿ, ಬ್ಲೇಡ್ ನಿಲ್ಲುವವರೆಗೆ ಜಾಗ ಬಿಡಬೇಡಿ. ಮೇಲಿನ ಗೈಡನ್ನು ಮೇಜಿಗೆ ತಾಗುವಷ್ಟು ಇಳಿಸಿ, ಬ್ಲೇಡ್ ಪೂರ್ತಿ ಮುಚ್ಚಿಕೊಳ್ಳಲಿ. ಪ್ಲಗ್ ಕಿತ್ತ ಮೇಲೆ ಬ್ರಷ್‌ನಿಂದ ಮೇಜು, ಗೈಡು ಮತ್ತು ಕೆಳಗಿನ ಚಕ್ರದ ಪೆಟ್ಟಿಗೆಯಲ್ಲಿ ಸೇರಿದ ಪುಡಿಯನ್ನು ತೆಗೆಯಿರಿ. ಕೈಯಿಂದ ಗುಡಿಸಬೇಡಿ, ಬಾಯಿಂದ ಊದಬೇಡಿ. ಕೆಳಗಿನ ಪೆಟ್ಟಿಗೆಯಲ್ಲಿ ತಿಂಗಳುಗಟ್ಟಲೆ ಕೂತ ಒಣ ಪುಡಿಗೆ ಒಂದು ಕಿಡಿ ಸಾಕು.

ವಾರಾಂತ್ಯಕ್ಕೆ ಬ್ಲೇಡಿನ ಬಿಗಿಯನ್ನು ಸಡಿಲಿಸಿದರೆ ಟೈರುಗಳೂ ಬೆಸುಗೆಯೂ ಹೆಚ್ಚು ಕಾಲ ಬಾಳುತ್ತವೆ. ಆದರೆ ಹಾಗೆ ಸಡಿಲಿಸಿದ್ದು ಸೋಮವಾರ ಬೆಳಿಗ್ಗೆ ಬರುವವರಿಗೆ ಗೊತ್ತಿರುವುದಿಲ್ಲ. ಒಂದು ರಟ್ಟಿನ ಮೇಲೆ ‘ಬ್ಲೇಡ್ ಸಡಿಲವಿದೆ’ ಎಂದು ಬರೆದು, ದಿನಾಂಕ ಮತ್ತು ನಿಮ್ಮ ಹೆಸರು ಹಾಕಿ, ಸ್ವಿಚ್ಚಿನ ಮೇಲೆಯೇ ನೇತುಹಾಕಿ ಹೋಗಿ.